ತೊಟ್ಟಿಲಿನ ಮೇಲೆ ತಪ್ಪು ಹೊರಿಸದಿರೋಣ



ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿ ನಾನೊಂದು ಸುಳ್ಳು ಹೇಳಿದೆ. ಗಂಡ ನನಗೆ ಬೀಸಿದ ಏಟು ಕಂಕುಳಲ್ಲಿದ್ದ ಮಗಳ ತಲೆಗೆ ಬಿದ್ದಿತ್ತು. ಡಾಕ್ಟರು ಕೇಳಿದಾಗ 'ತೊಟ್ಟಿಲಿನಿಂದ ಬಿದ್ದಳು' ಎಂದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಮನೆಯ ಮರ್ಯಾದೆ ಉಳಿಯಿತು. ಮಗಳೂ ಉಳಿದಳು, ಅದು ನನ್ನ ಪುಣ್ಯ, ಬುದ್ಧಿವಂತಿಕೆಯಲ್ಲ.

ವರದಕ್ಷಿಣೆಯ ಜಗಳ, ಕುಡಿತದ ಜಗಳ ಗಂಡಹೆಂಡಿರ ನಡುವಿನದು ಎಂದು ಈಗಲೂ ಹೇಳುವವರಿದ್ದಾರೆ. ಏಟಿಗೆ ಆ ಲೆಕ್ಕ ತಿಳಿಯದು. ಅಮ್ಮನ ಸೆರಗು ಹಿಡಿದು ಅಡ್ಡ ಬರುವ ಮಗುವಿಗೂ ಅದು ತಗಲುತ್ತದೆ. ಮೈಗೆ ಹೋಲಿಸಿದರೆ ಕೂಸಿನ ತಲೆ ದೊಡ್ಡದು, ಕತ್ತು ಎಳೆಯದು. ಅಳು ನಿಲ್ಲಿಸಲೆಂದು ಸಿಟ್ಟಿನಿಂದ ಜೋರಾಗಿ ಅಲುಗಾಡಿಸಿದರೂ ಮಿದುಳಿನ ಮೇಲಿನ ರಕ್ತನಾಳ ಹರಿದು ಒಳಗೇ ರಕ್ತ ಸೋರಬಹುದು. ಹೊರಗೆ ಒಂದು ಗೀರೂ ಕಾಣದಿರಬಹುದು. ಹೊಡೆತ ತಿಂದ ನಮ್ಮ ಕೈಯೂ ಕೂಸಿನ ಮೇಲೆ ಏಳುವುದುಂಟು. ಅಂಥ ಹೊತ್ತಿನಲ್ಲಿ ಕೂಸನ್ನು ಕೆಳಗೆ ಮಲಗಿಸಿ ಸ್ವಲ್ಪ ದೂರ ಸರಿಯಿರಿ, ನೆರೆಯವಳನ್ನು ಕೂಗಿ.

ತಲೆಗೆ ಪೆಟ್ಟು ಬಿದ್ದ ಮಗು ಅತ್ತು ಸುಮ್ಮನಾಗಿ ಆಟಕ್ಕೆ ತೊಡಗಬಹುದು. ಕೆಲವು ತಾಸು ಕಳೆದ ಮೇಲೆ ಸ್ಥಿತಿ ಕೆಡಬಹುದು. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು, ಕೂಸಿನ ನೆತ್ತಿ ಉಬ್ಬುವುದು, ಒಂದು ಕಡೆಯ ಕೈಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನು ಮಾಡಿ. ಅರಿಶಿನ ಹಚ್ಚಿ ಬೆಳಗಿನವರೆಗೆ ಕಾಯಬೇಡಿ. ವರ್ಷ ತುಂಬದ ಕೂಸಾದರೆ ಏನೂ ಕಾಣದಿದ್ದರೂ ತೋರಿಸಿ.

ಅಲ್ಲಿ ನಿಜ ಹೇಳಿ. ಮನೆಯವರ ಎದುರು ಆಗದಿದ್ದರೆ ಡಾಕ್ಟರೊಡನೆ ಒಬ್ಬಳೇ ಮಾತಾಡಬೇಕೆಂದು ಕೇಳಿ. ಪೆಟ್ಟು ಹೇಗೆ ಬಿತ್ತು, ಎಷ್ಟು ಹೊತ್ತಾಯಿತು ಎಂದು ತಿಳಿದರೆ ಮಾತ್ರ ಏನು ಹುಡುಕಬೇಕೆಂಬುದು ಅವರಿಗೆ ಗೊತ್ತಾಗುತ್ತದೆ. ಆಸ್ಪತ್ರೆಯ ಚೀಟಿ ಮುಂದೆ ಸಾಕ್ಷಿಯೂ ಆಗುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ಮ್ಯಾಜಿಸ್ಟ್ರೇಟರು ರಕ್ಷಣೆಯ ಆದೇಶ ಕೊಡಬಹುದು, ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಒಪ್ಪಿಸಬಹುದು. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181.

ನಿಜ ಹೇಳಿದವಳು ಆ ರಾತ್ರಿ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯೇ ಅಂದು ನನ್ನ ಬಾಯಿ ಕಟ್ಟಿತ್ತು. ಉತ್ತರ ಸಂಘದಲ್ಲಿರಬೇಕು. ಮುಂದಿನ ಸಭೆಯಲ್ಲಿ ಉಳಿತಾಯದ ಹಣ ಎಣಿಸಿದ ಮೇಲೆ ಇದನ್ನೂ ತೀರ್ಮಾನಿಸಿ: ಆಸ್ಪತ್ರೆಗೆ ಜೊತೆಯಲ್ಲಿ ಯಾರು ಹೋಗುವುದು, ತಾಯಿ ಮಗುವಿಗೆ ಯಾರ ಮನೆಯ ಬಾಗಿಲು ತೆರೆಯುವುದು. 'ಅದು ಅವರ ಮನೆಯ ವಿಷಯ' ಎಂದು ನಾವು ಸುಮ್ಮನಿದ್ದಷ್ಟು ದಿನ, ಇನ್ನೊಬ್ಬ ತಾಯಿ ನನ್ನ ಹಾಗೆಯೇ ತೊಟ್ಟಿಲಿನ ಮೇಲೆ ತಪ್ಪು ಹೊರಿಸುತ್ತಿರುತ್ತಾಳೆ.