ಚಕ್ರದಡಿಯ ಮಣ್ಣು

ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಭತ್ತದ ಕೊಯ್ಲಿಗೆ ಈಗ ಕಂಬೈನ್ ಯಂತ್ರವೇ ಗತಿ. ಕೂಲಿಯಾಳು ಸಿಗದ ಕಾಲದಲ್ಲಿ ರೈತರನ್ನು ದೂರಿ ಫಲವಿಲ್ಲ. ಆದರೆ ಹಸಿ ಆರದ ಎರೆಭೂಮಿಯ ಮೇಲೆ ಆ ಭಾರ ಹರಿದಾಗ ಮಣ್ಣಿನೊಳಗಿನ ದೊಡ್ಡ ರಂಧ್ರಗಳು ಮುಚ್ಚಿಹೋಗುತ್ತವೆ. ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ ಇದು ಅಷ್ಟಾಗಿ ಕಾಡದು. ಅದೇ ನೆಲದಲ್ಲಿ ಕಡಲೆ ಬಿತ್ತಿದಾಗ ಪೆಟ್ಟು ಗೊತ್ತಾಗುತ್ತದೆ. ಒಂದು ಗಿಡ ಕಿತ್ತು ನೋಡಿ: ಗೇಣುದ್ದ ಇಳಿಯುವಷ್ಟರಲ್ಲಿ ಬೇರು ಗಟ್ಟಿ ಪದರಕ್ಕೆ ತಾಗಿ ಅಡ್ಡಕ್ಕೆ ಹೊರಳಿರುತ್ತದೆ.

ಇದು ಇಲ್ಲಿಯ ಪಾಡಷ್ಟೇ ಅಲ್ಲ. ಮಣ್ಣು ವಿಜ್ಞಾನಿಗಳಾದ ಥಾಮಸ್ ಕೆಲ್ಲರ್ ಮತ್ತು ಡಾನಿ ಓರ್ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1958ರಲ್ಲಿ ಧಾನ್ಯ ಸಹಿತ ಸುಮಾರು 4 ಟನ್ ತೂಗುತ್ತಿದ್ದ ಕೊಯ್ಲು ಯಂತ್ರ 2020ರ ವೇಳೆಗೆ 36 ಟನ್ ಮುಟ್ಟಿದೆ. ವಿಶ್ವದ ಸಾಗುವಳಿ ಭೂಮಿಯಲ್ಲಿ ಶೇ 20ರಷ್ಟು ಹೀಗೆ ಆಳದಲ್ಲಿ ಗಟ್ಟಿಯಾಗುವ ಅಪಾಯದಲ್ಲಿದೆ. ಅಗಲ ಟೈರು ಮೇಲ್ಮಣ್ಣನ್ನು ಕಾಯಬಹುದು, ಆಳಕ್ಕೆ ಇಳಿಯುವ ಒತ್ತಡವನ್ನಲ್ಲ.

ಇದನ್ನು ತಪ್ಪಿಸಲು ಆಸ್ಟ್ರೇಲಿಯಾದ ಅನೇಕ ರೈತರು ಯಂತ್ರಗಳಿಗೆ ಹೊಲದಲ್ಲಿ ಕಾಯಂ ಜಾಡು ಬಿಟ್ಟು, ಉಳಿದ ನೆಲಕ್ಕೆ ಚಕ್ರ ಸೋಕಿಸುವುದಿಲ್ಲ. ನಮ್ಮ ತುಂಡು ಹಿಡುವಳಿಗಳಲ್ಲಿ ಅದು ಕಷ್ಟ. ಆದರೆ ಕೊಯ್ಲಿಗೆ ಮೊದಲೇ ಗದ್ದೆಯ ನೀರು ಬಸಿಯುವುದು, ಹಸಿ ನೆಲಕ್ಕೆ ಚಕ್ರದ ಬದಲು ಪಟ್ಟಿಯ ಮೇಲೆ ಚಲಿಸುವ ಚೈನ್ ಕಂಬೈನನ್ನೇ ಕರೆಸುವುದು ಸಾಧ್ಯ. ಟ್ರ್ಯಾಕ್ಟರಿಗೆ ಸಬ್ಸಿಡಿ ಕೊಡುವ ಸರ್ಕಾರ, ಬೇಳೆಕಾಳು ಬೆಳೆಯುವವರಿಗಾಗಿ ಗಟ್ಟಿ ಪದರ ಸೀಳುವ ಸಬ್‌ಸಾಯ್ಲರ್‌ಗಳನ್ನೂ ಬಾಡಿಗೆ ಕೇಂದ್ರಗಳಲ್ಲಿ ಬೇಸಿಗೆಗೆ ಮುಂಚೆಯೇ ಇರಿಸಬೇಕು.