ಜೀವ ಉಳಿಸುವ ನಳಿಕೆ ಮುಳುವಾಗದಿರಲಿ

ರಸ್ತೆ ಅಪಘಾತದಲ್ಲಿ ತಲೆಗೆ ತೀವ್ರ ಪೆಟ್ಟು ಬಿದ್ದವರು, ಮಿದುಳಿನ ರಕ್ತಸ್ರಾವಕ್ಕೆ ತುತ್ತಾದವರು ಅನೇಕ ವೇಳೆ ಬದುಕುಳಿಯುವುದು ಒಂದು ತೆಳುವಾದ ನಳಿಕೆಯ ಬಲದಿಂದ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಮಿದುಳಿನ ಕುಹರಕ್ಕೆ ಇಳಿಸುವ ಈ ಕ್ಯಾತಿಟರ್, ಅಲ್ಲಿ ಕಟ್ಟಿಕೊಂಡ ದ್ರವವನ್ನು ಹೊರಹರಿಸಿ ಒತ್ತಡ ತಗ್ಗಿಸುತ್ತದೆ. ಆದರೆ ದ್ರವ ಹೊರಬರುವ ಹಾದಿಯಲ್ಲೇ ರೋಗಾಣುಗಳೂ ಒಳನುಸುಳಬಲ್ಲವು. ಶಸ್ತ್ರಚಿಕಿತ್ಸೆಯಲ್ಲಿ ಗೆದ್ದ ರೋಗಿ ಅನಂತರ ಸೋಂಕಿಗೆ ಬಲಿಯಾಗುವುದು ದೊಡ್ಡ ದುರಂತ. ಇದನ್ನು ವಿಧಿಯೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ತಡೆಯುವ ಮಾರ್ಗಗಳು ನಿಗೂಢವೇನಲ್ಲ. ಕೈ ಶುಚಿತ್ವ, ನಳಿಕೆ ಇಳಿಸುವಾಗ ಸಂಪೂರ್ಣ ನಿರ್ಜಂತುಕ ವ್ಯವಸ್ಥೆ, ಅದಕ್ಕೆ ಮೊದಲು ಒಂದು ವರಸೆ ಪ್ರತಿಜೀವಕ, ಅನಗತ್ಯವಾಗಿ ದ್ರವದ ಮಾದರಿ ತೆಗೆಯದಿರುವುದು, ಅಗತ್ಯ ಮುಗಿದೊಡನೆ ನಳಿಕೆಯನ್ನು ತೆಗೆದುಬಿಡುವುದು ಇವುಗಳಲ್ಲಿ ಮುಖ್ಯವಾದವು. ಕೆಲವು ದಿನಗಳಿಗೊಮ್ಮೆ ನಳಿಕೆ ಬದಲಿಸಿದರೆ ಸುರಕ್ಷಿತವೆಂಬ ಹಳೆಯ ನಂಬಿಕೆಗೆ 2002ರಲ್ಲಿ ಪ್ರಕಟವಾದ ಹಾಂಕಾಂಗ್ ಅಧ್ಯಯನ ಆಧಾರ ಕಾಣಲಿಲ್ಲ. ಪ್ರತಿಜೀವಕ ಲೇಪಿತ ನಳಿಕೆಗಳನ್ನು ಅಮೆರಿಕದ ಆರು ಕೇಂದ್ರಗಳಲ್ಲಿ 288 ರೋಗಿಗಳ ಮೇಲೆ ಪರೀಕ್ಷಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸಾಮಾನ್ಯ ನಳಿಕೆಯಲ್ಲಿ ಶೇ 9.4ರಷ್ಟಿದ್ದ ಸೋಂಕು, ಲೇಪಿತ ನಳಿಕೆಯಲ್ಲಿ ಶೇ 1.3ಕ್ಕೆ ಇಳಿದಿತ್ತು.

ಲೇಪಿತ ನಳಿಕೆ ದುಬಾರಿ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಒಂದು ಸೋಂಕು ರೋಗಿಯನ್ನು ವಾರಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಮಲಗಿಸಿದರೆ ಆಗುವ ವೆಚ್ಚದ ಮುಂದೆ ಆ ವ್ಯತ್ಯಾಸ ಅಲ್ಪ. ಅಸಿನೆಟೊಬ್ಯಾಕ್ಟರ್‌ನಂತಹ ಔಷಧ ನಿರೋಧಕ ಜೀವಾಣುಗಳು ನಮ್ಮ ನಿಗಾ ಘಟಕಗಳಲ್ಲಿ ಬೇರೂರಿವೆ. ಅನೇಕ ಔಷಧಗಳು ಮಿದುಳಿನ ದ್ರವವನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪುವುದೂ ಇಲ್ಲ. ಇಂಥ ಸ್ಥಿತಿಯಲ್ಲಿ ಚಿಕಿತ್ಸೆಗಿಂತ ತಡೆಯೇ ಲೇಸು.

ಆದರೂ ಲೇಪವೊಂದೇ ಪರಿಹಾರವಲ್ಲ. ಶಿಸ್ತಿಗೆ ಅದು ಬದಲಿಯೂ ಆಗದು. ಅಮೆರಿಕದ ಮಿಷಿಗನ್ ರಾಜ್ಯದ ನಿಗಾ ಘಟಕಗಳು ರಕ್ತನಾಳದ ನಳಿಕೆಗಳ ಸೋಂಕನ್ನು ಗಣನೀಯವಾಗಿ ತಗ್ಗಿಸಿದ್ದನ್ನು 2006ರಲ್ಲಿ ಪ್ರಕಟವಾದ ವರದಿ ದಾಖಲಿಸಿತು. ಅಲ್ಲಿ ನೆರವಾದದ್ದು ದುಬಾರಿ ಯಂತ್ರವಲ್ಲ, ಸರಳ ತಪಶೀಲು ಪಟ್ಟಿ; ನಿಯಮ ತಪ್ಪಿದ ವೈದ್ಯರನ್ನು ತಡೆಯುವ ಅಧಿಕಾರ ದಾದಿಯರಿಗೆ ಇತ್ತು. ಹಿರಿಯ ವೈದ್ಯರ ಎದುರು ದಾದಿ ತುಟಿ ಬಿಚ್ಚಲಾರದ ನಮ್ಮ ಆಸ್ಪತ್ರೆಗಳ ವಾತಾವರಣದಲ್ಲಿ ಈ ಪಾಠ ಹೆಚ್ಚು ಪ್ರಸ್ತುತ. ಒಬ್ಬ ದಾದಿಯ ಮೇಲೆ ಹಲವು ರೋಗಿಗಳ ಹೊಣೆ ಹೊರಿಸಿ ಶುಚಿತ್ವವನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ನರಶಸ್ತ್ರಚಿಕಿತ್ಸೆ ನಡೆಸುವ ಪ್ರತಿ ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ನಳಿಕೆ ಬಳಸಿದ ಪ್ರತಿ ಸಾವಿರ ದಿನಗಳಿಗೆ ಎಷ್ಟು ಸೋಂಕು ಉಂಟಾಯಿತೆಂದು ಎಣಿಸಿ ಬಹಿರಂಗಪಡಿಸಬೇಕು. ಸರ್ಕಾರದ ಆರೋಗ್ಯ ವಿಮಾ ಯೋಜನೆಗಳ ಪ್ಯಾಕೇಜ್ ದರ ನಿಗದಿಪಡಿಸುವಾಗ ಸೋಂಕು ತಡೆಯ ವೆಚ್ಚವನ್ನೂ ಪರಿಗಣಿಸಬೇಕು. ಎಣಿಸದ ಸಾವುಗಳಿಗೆ ಯಾರೂ ಉತ್ತರದಾಯಿಗಳಲ್ಲ ಎಂಬ ಸ್ಥಿತಿ ಇನ್ನಾದರೂ ಕೊನೆಗೊಳ್ಳಬೇಕು.