ಕೈಗವಸು ಮತ್ತು ಬೆರಳಿನ ಅರಿವು

ಕಳೆದ ತಿಂಗಳು ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಉಚಿತ ದಂತ ತಪಾಸಣಾ ಶಿಬಿರ ನಡೆಯಿತು. ಪಾಲಕನಾಗಿ ನಾನೂ ಹೋಗಿದ್ದೆ. ವೈದ್ಯರು ಬರಿಗೈಯಲ್ಲಿಯೇ ಒಂದು ಮಗುವಿನ ಬಾಯಿಯಿಂದ ಮತ್ತೊಂದರ ಬಾಯಿಗೆ ಸಾಗುತ್ತಿದ್ದರು. ಮೆಲ್ಲಗೆ ವಿಚಾರಿಸಿದೆ. "ವಕೀಲ ಸಾಹೇಬರೇ, ರಬ್ಬರು ತೊಟ್ಟರೆ ಬೆರಳಿಗೆ ಏನೂ ತಿಳಿಯುವುದಿಲ್ಲ" ಎಂದರು.

ಆ ಮಾತು ಪೂರ್ಣ ಸುಳ್ಳಲ್ಲ. ಕೈಗವಸಿನ ಮೂಲಕ ಅತಿ ಹಗುರಾದ ಸ್ಪರ್ಶ ಮಂಕಾಗುತ್ತದೆ. ಅಳತೆ ಸಡಿಲಾದರೆ, ಎರಡು ಪದರ ತೊಟ್ಟರೆ, ಇನ್ನೂ ಮಂಕು. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಕೈಗವಸು ತೊಡಿಸಿದರೆ ಎಲೆಯ ಮಡಿಕೆ ಕೈಗೆ ಸಿಗಲಿಕ್ಕಿಲ್ಲ. ಆದರೆ ದಂತವೈದ್ಯರ ಕೆಲಸದ ಬಗೆ ಬೇರೆ. ಹಲ್ಲಿನ ಒರಟುತನವನ್ನೂ ವಸಡಿನಡಿಯ ಪಾಚಿಯನ್ನೂ ಅವರು ಬಹುಮಟ್ಟಿಗೆ ಅರಿಯುವುದು ಕೈಯಲ್ಲಿ ಹಿಡಿದ ಸಪೂರ ಉಕ್ಕಿನ ಸಲಾಕೆಯ ಕಂಪನದಿಂದ; ದೃಷ್ಟಿಹೀನರು ಕೋಲಿನ ತುದಿಯಿಂದ ದಾರಿಯ ತಗ್ಗುದಿನ್ನೆಗಳನ್ನು ತಿಳಿಯುವಂತೆ. ಮೈಗೆ ಹೊಂದುವ ತೆಳು ಕೈಗವಸು ಆ ಕಂಪನವನ್ನು ಅಡಗಿಸಿಬಿಡಲಾರದು. 1980ರ ದಶಕದಲ್ಲಿ ಏಡ್ಸ್ ಭೀತಿ ಹಬ್ಬುವವರೆಗೆ ಜಗತ್ತಿನ ಹೆಚ್ಚಿನ ದಂತವೈದ್ಯರು ಬರಿಗೈಯವರೇ. ಮೊದಮೊದಲು ಗೊಣಗಿದವರೂ ಕ್ರಮೇಣ ರೂಢಿಸಿಕೊಂಡರು.

ಬರಿಗೈಯ ಅಪಾಯ ವೈದ್ಯರಿಗೂ ಇದೆ. ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥ್ಯೂನರು 1939ರಲ್ಲಿ ಚೀನಾದ ರಣರಂಗದಲ್ಲಿ ಕೈಗವಸಿಲ್ಲದೆ ಶಸ್ತ್ರಕ್ರಿಯೆ ಮಾಡುವಾಗ ಬೆರಳು ಕೊಯ್ದುಕೊಂಡು, ರಕ್ತಕ್ಕೆ ನಂಜೇರಿ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಮುಖ್ಯಸ್ಥರಾದವರು ನಮ್ಮ ಸೊಲ್ಲಾಪುರದಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನೀಸ್.

ಇನ್ನು ಕಾನೂನು. ಎಲ್ಲರಿಗೂ ಪುಕ್ಕಟೆಯಾಗಿ ನೀಡುವ ವೈದ್ಯಸೇವೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಹೇಳಿದೆ. ಶಿಬಿರದಲ್ಲಿ ಸೋಂಕು ತಗುಲಿದ ಮಗುವಿನ ತಂದೆ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವಂತಿಲ್ಲ. ನಿರ್ಲಕ್ಷ್ಯಕ್ಕೆ ಪರಿಹಾರ ಕೋರಿ ದಿವಾಣಿ ನ್ಯಾಯಾಲಯಕ್ಕೇ ಹೋಗಬೇಕು. ಯಾವ ಬಾಯಿಂದ ಯಾವ ಬಾಯಿಗೆ ಸೋಂಕು ಬಂತೆಂದು ಅಲ್ಲಿ ಸಿದ್ಧಪಡಿಸುವುದು ಎಷ್ಟು ಕಠಿಣವೆಂಬುದನ್ನು ನನ್ನ ವೃತ್ತಿಯವರು ಬಲ್ಲರು. ಆದ್ದರಿಂದ ಕೇಳುವುದಿದ್ದರೆ ಮಗು ಬಾಯಿ ತೆರೆಯುವ ಮುನ್ನವೇ ಕೇಳಬೇಕು. ಒಂದೇ ಜೊತೆ ಕೈಗವಸನ್ನು ದಿನವಿಡೀ ತೊಟ್ಟರೆ ವೈದ್ಯರ ಬೆರಳಿಗೆ ರಕ್ಷಣೆ ಸಿಕ್ಕೀತು, ಮಗುವಿಗಲ್ಲ. ಪ್ರತಿ ಮಗುವಿಗೂ ಹೊಸ ಜೊತೆ ಬೇಕು.

ಅಂದು ಮುಖ್ಯಾಧ್ಯಾಪಕರು ಔಷಧದ ಅಂಗಡಿಯಿಂದ ಎರಡು ಡಬ್ಬಿ ತರಿಸಿದರು. ವೈದ್ಯರು ಬೇಸರಿಸದೆ ತೊಟ್ಟರು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ಹಿಂದವಡೆಯ ಹುಳುಕನ್ನು ಕೈಗವಸು ತೊಟ್ಟೇ ಪತ್ತೆಹಚ್ಚಿದರು. ಸಾಲು ಮಾತ್ರ ನಿಧಾನವಾಯಿತು. ಸಂಜೆಯ ಎಸ್.ಟಿ. ಬಸ್ಸು ತಪ್ಪಿದ ಇಬ್ಬರು ಪಾಲಕರು ನನ್ನನ್ನು ದುರುಗುಟ್ಟಿ ನೋಡಿದರು.